ಮೀನೆಣ್ಣೆ ತೆಗೆದುಕೊಂಡರೆ ಪ್ಲೇಟ್‌ಲೆಟ್ ಒಳಗೆ ಏನು ಬದಲಾಗುತ್ತದೆ?

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಹೋದ ವರ್ಷ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಿದ್ದೇವೆ. ದಿನಾ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75 ನಡೆದಿದೆ. ಪರಿಚಯದವರೊಬ್ಬರು ‘ಮೀನೆಣ್ಣಿ ಗುಳಿಗಿ ತಗೊಂಡ್ರ ರಕ್ತ ತೆಳ್ಳಗಾಗತೈತಿ, ಇವನ್ನ ಬಿಡಬಹುದು’ ಅಂದರು. ಇನ್ನೊಬ್ಬರು ‘ಎರಡೂ ಕೂಡಿಸಿದ್ರ ಗಾಯ ಆದಾಗ ರಕ್ತ ನಿಲ್ಲಂಗಿಲ್ಲ’ ಅಂತ ಹೆದರಿಸಿದರು. ನಮ್ಮದು ಸಸ್ಯಾಹಾರಿ ಮನೆ, ರೊಟ್ಟಿ ಜೊತೆ ಅಗಸಿ ಹಿಂಡಿ ತಪ್ಪುವುದಿಲ್ಲ. ಅದರಿಂದಲೇ ಅದೇ ಲಾಭ ಸಿಗುತ್ತದೆಯೇ? ನಾನು ಧಾರವಾಡದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ಲೇಟ್‌ಲೆಟ್‌ನಿಂದ ಕೊಬ್ಬಿನಾಮ್ಲ ಬಿಡುಗಡೆಯಾಗುವುದರ ಮೇಲೆ ಮೀನೆಣ್ಣೆಯ ಪರಿಣಾಮವನ್ನೇ ಪ್ರಾಜೆಕ್ಟ್ ಮಾಡುವ ವಿಚಾರವಿದೆ. ಒಳಗಿನ ಕೆಲಸವನ್ನೂ ವಿವರಿಸಿದರೆ ಉಪಕಾರವಾಗುತ್ತದೆ. (ಓದುಗರು, ಗದಗ)

ಉತ್ತರ: ಔಷಧದ ಮಾತು ಮೊದಲು. ಹೃದ್ರೋಗ ತಜ್ಞರು ಹೇಳುವವರೆಗೆ ಆಸ್ಪಿರಿನ್ ಆಗಲಿ ಕ್ಲೋಪಿಡೋಗ್ರೆಲ್ ಆಗಲಿ ಒಂದು ದಿನವೂ ತಪ್ಪಬಾರದು. ಮೀನೆಣ್ಣೆ ಅವುಗಳಿಗೆ ಬದಲಿ ಅಲ್ಲ. ಹಾಗಂತ ಎರಡೂ ಕೂಡಿದರೆ ರಕ್ತ ನಿಲ್ಲುವುದೇ ಇಲ್ಲ ಎಂಬ ಹೆದರಿಕೆಗೂ ಆಧಾರವಿಲ್ಲ. ಯಾಕೆ ಎಂಬುದು ಪ್ಲೇಟ್‌ಲೆಟ್‌ನ ಪೊರೆಯಲ್ಲಿದೆ. ನೀವು ಜೀವರಸಾಯನ ಓದುತ್ತಿರುವುದರಿಂದ ಅಲ್ಲಿಂದಲೇ ಹಿಡಿಯೋಣ.

ಪ್ಲೇಟ್‌ಲೆಟ್ ಅಂದರೆ ಗಾಯವಾದಲ್ಲಿ ಗುಂಪುಗೂಡಿ ರಕ್ತ ನಿಲ್ಲಿಸುವ ಸಣ್ಣ ರಕ್ತಕಣ. ಅದಕ್ಕೆ ಕೋಶಕೇಂದ್ರವಿಲ್ಲ. ಮೂಳೆಮಜ್ಜೆಯ ಮೆಗಾಕ್ಯಾರಿಯೋಸೈಟ್ ಎಂಬ ದೊಡ್ಡ ಕೋಶದಿಂದ ಚೂರಾಗಿ ಹೊರಬಿದ್ದು 7ರಿಂದ 10 ದಿನ ರಕ್ತದಲ್ಲಿ ತಿರುಗಿ ಮುಗಿದುಹೋಗುತ್ತದೆ. ಅದರ ಪೊರೆ ಕಟ್ಟಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬಿನಲ್ಲಿ ನಮಗೆ ಬೇಕಾದ ಜಾಗ ಒಂದೇ, ಗ್ಲಿಸರಾಲ್‌ನ ನಡುವಿನ ಇಂಗಾಲ. ಆ ಎರಡನೇ ಸ್ಥಾನದಲ್ಲಿ ಮೀನು ತಿನ್ನದವರಲ್ಲಿ ಬಹಳ ಮಟ್ಟಿಗೆ ಕೂತಿರುವುದು ಅರಾಕಿಡೋನಿಕ್ ಆಮ್ಲ, 20 ಇಂಗಾಲ ಮತ್ತು 4 ದ್ವಿಬಂಧದ್ದು. ಪ್ಲೇಟ್‌ಲೆಟ್‌ನ ಒಟ್ಟು ಕೊಬ್ಬಿನಾಮ್ಲದಲ್ಲಿ ಅದರ ಪಾಲು ಸುಮಾರು ಶೇ. 20ರಿಂದ 25. ಮೀನೆಣ್ಣೆಯ ಇಪಿಎ, 20 ಇಂಗಾಲ ಮತ್ತು 5 ದ್ವಿಬಂಧದ್ದು, ಇಂಥವರಲ್ಲಿ ಶೇ. 1 ಕೂಡ ಇರುವುದಿಲ್ಲ.

ರಕ್ತನಾಳದ ಒಳಪದರ ಹರಿದು ಕೊಲಾಜನ್ ಹೊರಗೆ ಕಂಡಿತು, ಇಲ್ಲವೇ ರಕ್ತ ಹೆಪ್ಪುಗಟ್ಟಿಸುವ ಕಿಣ್ವ ಥ್ರಾಂಬಿನ್ ಬಂದು ತಾಗಿತು ಅನ್ನಿ. ಪ್ಲೇಟ್‌ಲೆಟ್ ಒಳಗೆ ಕ್ಯಾಲ್ಸಿಯಂ ಏರುತ್ತದೆ. ಸೈಟೋಸಾಲ್‌ನಲ್ಲಿದ್ದ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವ ಪೊರೆಗೆ ಬಂದು ಆ ಎರಡನೇ ಸ್ಥಾನದ ಬಂಧವನ್ನು ಕತ್ತರಿಸುತ್ತದೆ. ಹೀಗೆ ಬಿಡುಗಡೆಯಾದ ಅರಾಕಿಡೋನಿಕ್ ಆಮ್ಲಕ್ಕೆ ಮೂರು ಗತಿ. ಕಾಕ್ಸ್-1 ಕಿಣ್ವ ಹಿಡಿದರೆ ಪ್ರೋಸ್ಟಗ್ಲಾಂಡಿನ್ ಎಚ್2 ಆಗಿ, ಮುಂದೆ ಥ್ರಾಂಬಾಕ್ಸೇನ್ ಎ2 ಆಗುತ್ತದೆ. 12-ಲಿಪಾಕ್ಸಿಜನೇಸ್ ಹಿಡಿದರೆ 12-ಹೀಟ್ ಎಂಬ ಹೈಡ್ರಾಕ್ಸಿ ಆಮ್ಲ. ಯಾರ ಕೈಗೂ ಸಿಗದೆ ಉಳಿದದ್ದು ತಿರುಗಿ ಪೊರೆಗೇ ಹೋಗಿ ಕೂರುತ್ತದೆ. ಥ್ರಾಂಬಾಕ್ಸೇನ್ ಎ2ನ ಅರ್ಧಾಯುಷ್ಯ ಸುಮಾರು 30 ಸೆಕೆಂಡ್. ಅಷ್ಟರಲ್ಲೇ ಅದು ಪಕ್ಕದ ಪ್ಲೇಟ್‌ಲೆಟ್‌ಗಳನ್ನೆಲ್ಲ ಎಬ್ಬಿಸಿ ಗುಂಪುಗೂಡಿಸುತ್ತದೆ, ನಾಳವನ್ನೂ ಹಿಡಿದು ಕಿರಿದು ಮಾಡುತ್ತದೆ. ಅದನ್ನು 1975ರಲ್ಲಿ ಗುರುತಿಸಿದ್ದು ಸ್ವೀಡನ್‌ನ ಬೆಂಗ್ಟ್ ಸ್ಯಾಮುಯೆಲ್ಸನ್ ತಂಡ. 1982ರ ನೊಬೆಲ್ ಅವರಿಗೆ, ಸುನೆ ಬರ್ಗ್‌ಸ್ಟ್ರೋಮ್‌ಗೆ ಮತ್ತು ಆಸ್ಪಿರಿನ್ ಕೆಲಸ ಮಾಡುವ ಬಗೆಯನ್ನು ತೋರಿಸಿದ ಜಾನ್ ವೇನ್‌ಗೆ ಕೂಡಿಯೇ ಬಂತು.

ಈಗ ಮೀನೆಣ್ಣೆ. ಅದು ಕತ್ತರಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ, ಬಿಡುಗಡೆಯನ್ನೇ ನಿಲ್ಲಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಫಾಸ್ಫೋಲಿಪೇಸ್ ಎ2 ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಎರಡನೇ ಸ್ಥಾನದಲ್ಲಿ ಅರಾಕಿಡೋನಿಕ್ ಇರಲಿ, ಇಪಿಎ ಇರಲಿ, ಅದು ಹೆಚ್ಚು ಭೇದ ಮಾಡುವುದಿಲ್ಲ. ನಮ್ಮ ಕಡೆಯ ಹಗೇವಿನ ಹಾಗೆ, ತುಂಬಿದ ಕಾಳೇ ತೆಗೆದಾಗ ಹೊರಬರುವುದು. ಕೆಲವು ವಾರ ಮೀನೆಣ್ಣೆ ತಿಂದವರ ಪ್ಲೇಟ್‌ಲೆಟ್‌ಗೆ ಥ್ರಾಂಬಿನ್ ಕೊಟ್ಟರೆ, ಫಾಸ್ಫಟಿಡೈಲ್‌ಕೋಲಿನ್ ಎಂಬ ಪೊರೆಯ ಫಾಸ್ಫೋಲಿಪಿಡ್‌ನಲ್ಲಿ ಇಪಿಎ ಮತ್ತು ಅರಾಕಿಡೋನಿಕ್ ಯಾವ ಪ್ರಮಾಣದಲ್ಲಿದ್ದವೋ ಹೆಚ್ಚೂಕಡಿಮೆ ಅದೇ ಪ್ರಮಾಣದಲ್ಲಿ ಹೊರಬರುತ್ತವೆ. ಮೀನೆಣ್ಣೆಯ ಇನ್ನೊಂದು ಕೊಬ್ಬಿನಾಮ್ಲ ಡಿಎಚ್ಎ ಮಾತ್ರ ಬೇರೆ. ಅದು ಹೆಚ್ಚಾಗಿ ಫಾಸ್ಫಟಿಡೈಲ್‌ಎಥನಾಲಮೀನ್ ಎಂಬ ಬೇರೆ ಫಾಸ್ಫೋಲಿಪಿಡ್‌ನಲ್ಲಿ ಸೇರಿಕೊಳ್ಳುತ್ತದೆ, ಈ ಕಿಣ್ವಕ್ಕೆ ಅಷ್ಟು ಒಗ್ಗುವುದಿಲ್ಲ, ಹಾಗಾಗಿ ಕದಲುವುದೂ ಕಡಿಮೆ.

ವ್ಯತ್ಯಾಸ ಹುಟ್ಟುವುದು ಹೊರಬಂದ ಮೇಲೆ. ಇಪಿಎಯನ್ನು ಕಾಕ್ಸ್-1 ಹಿಡಿದುಕೊಳ್ಳುತ್ತದೆ, ಆದರೆ ಅರಾಕಿಡೋನಿಕ್‌ಗೆ ಹೋಲಿಸಿದರೆ ಹತ್ತರಲ್ಲೊಂದು ಪಾಲಿನಷ್ಟು ವೇಗದಲ್ಲಿ ಮಾತ್ರ ಅರಗಿಸುತ್ತದೆ. ಹಿಡಿದುಕೊಂಡಷ್ಟು ಹೊತ್ತು ಅರಾಕಿಡೋನಿಕ್‌ಗೆ ಜಾಗ ಸಿಗುವುದಿಲ್ಲ. ಅಷ್ಟಿಷ್ಟು ಅರಗಿ ಹುಟ್ಟುವ ಥ್ರಾಂಬಾಕ್ಸೇನ್ ಎ3 ಪ್ಲೇಟ್‌ಲೆಟ್ ಎಬ್ಬಿಸುವುದರಲ್ಲಿ ದುರ್ಬಲ. 12-ಲಿಪಾಕ್ಸಿಜನೇಸ್ ಮಾತ್ರ ಇಪಿಎಯನ್ನು ಚೆನ್ನಾಗಿಯೇ ತೆಗೆದುಕೊಳ್ಳುತ್ತದೆ. ಹಾಗಾಗಿ ಬಿಡುಗಡೆಯಾದ ಇಪಿಎಯ ದೊಡ್ಡ ಪಾಲು ಆ ಕಡೆ ಹರಿಯುತ್ತದೆ.

ಫಾಸ್ಫಟಿಡೈಲ್‌ಇನೋಸಿಟಾಲ್ ಎಂಬ ಲಿಪಿಡ್‌ಗೆ ಇಪಿಎ ಒಳಹೋಗುವುದು ಬಹಳ ಕಡಿಮೆ ಎಂಬುದನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಅಲ್ಲಿ ಅರಾಕಿಡೋನಿಕ್ ಗಟ್ಟಿಯಾಗಿ ಉಳಿಯುತ್ತದೆ, ಫಾಸ್ಫೋಲಿಪೇಸ್ ಸಿ ಮೂಲಕ ಸಾಗುವ ಸಂಕೇತದ ದಾರಿ ಹೆಚ್ಚು ಬದಲಾಗುವುದಿಲ್ಲ. ಥ್ರಾಂಬಿನ್‌ನ ಗ್ರಾಹಕಗಳಾಗಲಿ ಪ್ಲೇಟ್‌ಲೆಟ್ ಒಳಗಿನ ಕಣಗಳಿಂದ ಹೊರಬೀಳುವ ಎಡಿಪಿ ಎಂಬ ಸಂಕೇತ ವಸ್ತುವಾಗಲಿ ಮೀನೆಣ್ಣೆಗೆ ಅಷ್ಟಾಗಿ ಜಗ್ಗುವುದಿಲ್ಲ. ಅದಕ್ಕೇ ಲ್ಯಾಬ್‌ನಲ್ಲಿ ಕಡಿಮೆ ಕೊಲಾಜನ್ ಕೊಟ್ಟಾಗ ಮೀನೆಣ್ಣೆಯ ಪರಿಣಾಮ ಎದ್ದು ಕಾಣುತ್ತದೆ, ಥ್ರಾಂಬಿನ್ ಜೋರಾಗಿ ಕೊಟ್ಟರೆ ಮಾಯವಾಗುತ್ತದೆ. ಸ್ಟೆಂಟ್ ಇರುವ ನಾಳದಲ್ಲಿ ಹೆಪ್ಪುಗಟ್ಟಲು ಶುರುವಾದರೆ ಅಲ್ಲಿ ಥ್ರಾಂಬಿನ್‌ಗೆ ಬರವಿಲ್ಲ.

ಆಸ್ಪಿರಿನ್ ಇದೇ ಕಾಕ್ಸ್-1ನ ಒಂದು ಸೆರೀನ್ ಅಮೈನೋ ಆಮ್ಲಕ್ಕೆ ಅಸಿಟೈಲ್ ಗುಂಪು ಅಂಟಿಸಿ ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲದ್ದರಿಂದ ಹೊಸ ಕಿಣ್ವ ಮಾಡಿಕೊಳ್ಳಲಾಗದು. ದಿನಾ 75 ಮಿಲಿಗ್ರಾಂ ತೆಗೆದುಕೊಳ್ಳುವವರಲ್ಲಿ ಪ್ಲೇಟ್‌ಲೆಟ್ ಥ್ರಾಂಬಾಕ್ಸೇನ್ ಶೇ. 95ಕ್ಕೂ ಹೆಚ್ಚು ಕಡಿಮೆಯಾಗಿರುತ್ತದೆ. ಅಂದರೆ ನಿಮ್ಮ ತಂದೆಯವರಲ್ಲಿ ಮೀನೆಣ್ಣೆ ಪೈಪೋಟಿ ಮಾಡಬೇಕಾದ ದಾರಿ ಮೊದಲೇ ಮುಚ್ಚಿದೆ. ಥ್ರಾಂಬಾಕ್ಸೇನ್ ಮಟ್ಟಿಗೆ ಅದು ಕೂಡಿಸುವುದು ಅತ್ಯಲ್ಪ, ಆಸ್ಪಿರಿನ್ ಬಿಡಿಸಿ ಇದನ್ನು ಕೊಟ್ಟರೆ ತುಂಬಿಕೊಡುವುದೂ ಅಲ್ಪವೇ.

ಇನ್ನು ಎಷ್ಟು ತಿಂದರೆ ಪೊರೆ ಬದಲಾಗುತ್ತದೆ ಎಂಬ ಲೆಕ್ಕ. ಈ ಕಥೆ ಶುರುವಾದದ್ದೇ ಗ್ರೀನ್‌ಲ್ಯಾಂಡ್‌ನಿಂದ. ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈರ್‌ಬರ್ಗ್ 1970ರ ದಶಕದಲ್ಲಿ ಅಲ್ಲಿನ ಇನುಯಿಟ್ ಜನರ ರಕ್ತ ನೋಡಿದಾಗ ಪ್ಲೇಟ್‌ಲೆಟ್‌ನಲ್ಲಿ ಇಪಿಎ ಮತ್ತು ಅರಾಕಿಡೋನಿಕ್ ಹೆಚ್ಚೂಕಡಿಮೆ ಸಮನಾಗಿದ್ದವು. ರಕ್ತಸ್ರಾವದ ಸಮಯ ಅವರಲ್ಲಿ ಸುಮಾರು 8 ನಿಮಿಷ, ಡೆನ್ಮಾರ್ಕಿನವರಲ್ಲಿ 5 ನಿಮಿಷದೊಳಗೆ. ಆದರೆ ಅವರ ಊಟ ಸೀಲ್ ಮತ್ತು ತಿಮಿಂಗಿಲದ ಮಾಂಸ, ಜೀವಮಾನವಿಡೀ. 1980ರಲ್ಲಿ ಜರ್ಮನಿಯಲ್ಲಿ ಕೆಲವರಿಗೆ ಒಂದು ವಾರ ಮ್ಯಾಕರೆಲ್ ಮೀನನ್ನೇ, ನಮ್ಮ ಬಂಗಡೆಯ ಬಳಗದ್ದು, ದಂಡಿಯಾಗಿ ತಿನ್ನಿಸಿದಾಗ ಅಷ್ಟರಲ್ಲೇ ಪ್ಲೇಟ್‌ಲೆಟ್ ಪೊರೆ ಬದಲಾಯಿತು, ಕೊಲಾಜನ್‌ಗೆ ಥ್ರಾಂಬಾಕ್ಸೇನ್ ಹುಟ್ಟುವುದೂ ಇಳಿಯಿತು. ಪೊರೆ ಬೇಗ ಬದಲಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಬಿಟ್ಟರೆ ಕೆಲವು ವಾರಗಳಲ್ಲಿ ಹಿಂದಿನ ಸ್ಥಿತಿಗೆ ಬರುವುದೂ ಅಷ್ಟೇ ಖಚಿತ, ಯಾಕೆಂದರೆ ಹಳೆಯ ಪ್ಲೇಟ್‌ಲೆಟ್‌ಗಳು ಆಗಲೇ ಹೋಗಿರುತ್ತವೆ.

ಔಷಧಿ ಅಂಗಡಿಯ ಕ್ಯಾಪ್ಸೂಲ್‌ನ ಹಿಂದಿನ ಸಣ್ಣ ಅಕ್ಷರ ಓದಿ. ಮುಂದೆ ದೊಡ್ಡದಾಗಿ ‘1000 ಮಿಲಿಗ್ರಾಂ’ ಎಂದಿರುತ್ತದೆ, ಅದು ಎಣ್ಣೆಯ ತೂಕ. ಸಾಮಾನ್ಯ ಕ್ಯಾಪ್ಸೂಲ್‌ನಲ್ಲಿ ಇಪಿಎ 180, ಡಿಎಚ್ಎ 120, ಒಟ್ಟು 300 ಮಿಲಿಗ್ರಾಂ. ಪ್ಲೇಟ್‌ಲೆಟ್ ವರ್ತನೆ ಅಳತೆಗೆ ಸಿಗುವಷ್ಟು ಬದಲಾದ ಪ್ರಯೋಗಗಳಲ್ಲಿ ಬಹಳಷ್ಟು ಕಡೆ ದಿನಕ್ಕೆ ಇವೆರಡೂ ಕೂಡಿ 3ರಿಂದ 4 ಗ್ರಾಂ ಕೊಟ್ಟಿದ್ದರು. 4 ಗ್ರಾಂ ಆಗಲು ಈ ಕ್ಯಾಪ್ಸೂಲ್ ದಿನಕ್ಕೆ ಸುಮಾರು 13 ನುಂಗಬೇಕು. ಅಷ್ಟು ಕೊಟ್ಟರೂ ಪೊರೆಯಲ್ಲಿ ಇಪಿಎ ಕೆಲವು ಪಟ್ಟು ಏರುತ್ತದೆಯೇ ಹೊರತು ಅರಾಕಿಡೋನಿಕ್ ಅನ್ನು ಮೀರಿಸುವುದಿಲ್ಲ. ದಿನಕ್ಕೊಂದು ಕ್ಯಾಪ್ಸೂಲ್ ನುಂಗಿ ‘ರಕ್ತ ತೆಳ್ಳಗಾಗುತ್ತದೆ’ ಎಂದು ನಂಬಿಕೊಂಡಿರುವುದು, ಹೆದರಿಕೊಂಡಿರುವುದು, ಎರಡೂ ಅನವಶ್ಯಕ. ಕಾಡ್ ಲಿವರ್ ಆಯಿಲ್ ಬೇರೆ ವಸ್ತು. ಅದರಲ್ಲಿ ವಿಟಮಿನ್ ಎ ಇರುತ್ತದೆ, ಒಮೆಗಾ-3 (ಇಪಿಎ, ಡಿಎಚ್ಎ ಗುಂಪಿನ ಕೊಬ್ಬಿನಾಮ್ಲ) ಸಲುವಾಗಿ ಅದರ ಸಂಖ್ಯೆ ಏರಿಸಿದರೆ ವಿಟಮಿನ್ ಎ ಮಿತಿ ಮೀರುತ್ತದೆ.

ದೊಡ್ಡ ಪ್ರಯೋಗಗಳು ಹೇಳುವುದೂ ಇದಕ್ಕೆ ಹೊಂದುತ್ತದೆ. 2018ರ ಅಸೆಂಡ್ ಪ್ರಯೋಗದಲ್ಲಿ 15,480 ಸಕ್ಕರೆ ಕಾಯಿಲೆಯವರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 1 ಗ್ರಾಂ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅದೇ ವರ್ಷದ ರೆಡ್ಯೂಸ್-ಇಟ್‌ನಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿದ್ದ 8,179 ಜನರಲ್ಲಿ ಅರ್ಧದಷ್ಟು ಜನರಿಗೆ ಶುದ್ಧ ಇಪಿಎ ಈಥೈಲ್ ಎಸ್ಟರ್ 4 ಗ್ರಾಂ ಕೊಟ್ಟಾಗ ಘಟನೆಗಳು ಶೇ. 25 ಇಳಿದವು. 2020ರ ಸ್ಟ್ರೆಂತ್‌ನಲ್ಲಿ ಇಪಿಎ-ಡಿಎಚ್ಎ ಮಿಶ್ರಣ 4 ಗ್ರಾಂ ಕೊಟ್ಟರೆ ಏನೂ ಆಗಲಿಲ್ಲ. ರೆಡ್ಯೂಸ್-ಇಟ್‌ನಲ್ಲಿ ಹೋಲಿಕೆಯ ಗುಂಪಿಗೆ ಕೊಟ್ಟದ್ದು ಖನಿಜ ತೈಲ, ಸ್ಟ್ರೆಂತ್‌ನಲ್ಲಿ ಮೆಕ್ಕೆಜೋಳದ ಎಣ್ಣೆ, ಖನಿಜ ತೈಲವೇ ಹೋಲಿಕೆಯ ಗುಂಪಿಗೆ ಕೆಡುಕು ಮಾಡಿತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ರಕ್ತಸ್ರಾವದ ಸಂಖ್ಯೆ ಮಾತ್ರ ನಿಮ್ಮ ಎರಡನೇ ಪರಿಚಯದವರಿಗೆ ತೋರಿಸಬೇಕಾದ್ದು. ರೆಡ್ಯೂಸ್-ಇಟ್‌ನಲ್ಲಿ ಗಂಭೀರ ರಕ್ತಸ್ರಾವ ಔಷಧಿ ಗುಂಪಿನಲ್ಲಿ ಶೇ. 2.7, ಇನ್ನೊಂದರಲ್ಲಿ 2.1. ಅಲ್ಲಿದ್ದವರಲ್ಲಿ ಬಹುಪಾಲು ಆಸ್ಪಿರಿನ್‌ನಂಥ ಔಷಧಿ ತೆಗೆದುಕೊಳ್ಳುತ್ತಿದ್ದವರೇ. ಸ್ವಲ್ಪ ಏರಿಕೆ ಇದೆ, ಪ್ರವಾಹವಲ್ಲ, ಅದೂ 4 ಗ್ರಾಂಗೆ.

ನನಗೆ ರಕ್ತಸ್ರಾವಕ್ಕಿಂತ ಹೆಚ್ಚು ಗಮನಿಸಬೇಕು ಅನ್ನಿಸುವುದು ಏಟ್ರಿಯಲ್ ಫೈಬ್ರಿಲೇಶನ್, ಹೃದಯದ ಲಯ ತಪ್ಪುವುದು. ದಿನಕ್ಕೆ 1 ಗ್ರಾಂಗಿಂತ ಹೆಚ್ಚು ಕೊಟ್ಟ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಹೆಚ್ಚಿದೆ. ಎದೆ ಬಡಿತ ಏರುಪೇರಾದ ಇತಿಹಾಸ ತಂದೆಯವರಿಗೆ ಇದ್ದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ. ವಾರ್ಫರಿನ್ ಅಥವಾ ಅಸೆನೋಕುಮರಾಲ್ ಎಂಬ ಹೆಪ್ಪುತಡೆ ಔಷಧಿ ಮೇಲಿರುವವರು ಮೀನೆಣ್ಣೆ ಶುರು ಮಾಡಿದರೆ, ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಹೇಳುವ ಐಎನ್‌ಆರ್ ಪರೀಕ್ಷೆ ಒಮ್ಮೆ ನೋಡಿಸಿಕೊಳ್ಳಬೇಕು. ಹಲ್ಲು ಕೀಳಿಸುವಾಗ, ಆಪರೇಶನ್ ಮುಂಚೆ, ನುಂಗುವ ಎಲ್ಲದರ ಪಟ್ಟಿಯಲ್ಲಿ ಇದನ್ನೂ ಸೇರಿಸಿ.

ಒಂದು ಪರೀಕ್ಷೆಯ ಗೊಂದಲವನ್ನೂ ಇಲ್ಲೇ ಬಗೆಹರಿಸಬಹುದು. ಮೀನೆಣ್ಣೆ ಕೆಲಸ ಮಾಡಿದೆಯೇ ಎಂದು ನೋಡಲು ಕೆಲವರು ಪಿಟಿ-ಐಎನ್‌ಆರ್ ಮಾಡಿಸುತ್ತಾರೆ. ಅದು ನೋಡುವುದು ಪ್ಲಾಸ್ಮಾದ ಹೆಪ್ಪುಗಟ್ಟಿಸುವ ಅಂಶಗಳನ್ನು, ಪ್ಲೇಟ್‌ಲೆಟ್ ಅದರಲ್ಲಿ ಲೆಕ್ಕಕ್ಕಿಲ್ಲ. ಪ್ಲೇಟ್‌ಲೆಟ್ ಎಣಿಕೆ 1.5 ಲಕ್ಷದಿಂದ 4.5 ಲಕ್ಷದ ಒಳಗೆ ಎಲ್ಲಿದ್ದರೂ ಅವುಗಳ ಪೊರೆಯಲ್ಲಿ ಏನಿದೆ ಎಂದು ಅದು ಹೇಳುವುದಿಲ್ಲ.

ಇನ್ನು ಅಗಸಿ. ಅಗಸಿ ಬೀಜದಲ್ಲಿ ಸುಮಾರು ಶೇ. 40 ಎಣ್ಣೆ, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಎಎಲ್‌ಎ ಎಂಬ 18 ಇಂಗಾಲದ ಒಮೆಗಾ-3. ಊಟಕ್ಕೆ ಒಂದು ದೊಡ್ಡ ಚಮಚ ಹಿಂಡಿ ಹಾಕಿಕೊಂಡರೆ ಅದರಲ್ಲಿ ಅಗಸಿ 7 ಗ್ರಾಂ ಎಂದು ಹಿಡಿಯಿರಿ, ಎಎಲ್‌ಎ ಸುಮಾರು 1.6 ಗ್ರಾಂ ಆಯಿತು. ದೇಹ ಅದಕ್ಕೆ ಇಂಗಾಲ ಜೋಡಿಸಿ, ದ್ವಿಬಂಧ ಸೇರಿಸಿ ಇಪಿಎ ಮಾಡಬೇಕು. ಹಾಗೆ ಆಗುವುದು ನೂರಕ್ಕೆ 5ರಿಂದ 8ರಷ್ಟು. ಕೈಗೆ ಬಂದದ್ದು 80ರಿಂದ 130 ಮಿಲಿಗ್ರಾಂ ಇಪಿಎ, ಒಂದು ಕ್ಯಾಪ್ಸೂಲ್‌ನ ಇಪಿಎಗಿಂತ ಕಡಿಮೆ. ಡಿಎಚ್ಎ ಆಗುವುದಂತೂ ನಗಣ್ಯ. ಹಿಂಡಿ ಒಳ್ಳೆಯದೇ, ನಾರು ಇದೆ, ಎಎಲ್‌ಎ ದೇಹಕ್ಕೆ ಬೇಕೇ ಬೇಕಾದ ಕೊಬ್ಬಿನಾಮ್ಲ. ಪ್ಲೇಟ್‌ಲೆಟ್ ಪೊರೆ ಬದಲಿಸುವ ಔಷಧಿ ಎಂದು ಮಾತ್ರ ಎಣಿಸಬೇಡಿ.

ಇಡೀ ಅಗಸಿ ಹಾಗೇ ನುಂಗಿದರೆ ಬಹುಪಾಲು ಹಾಗೇ ಹೊರಹೋಗುತ್ತದೆ, ಪುಡಿಯಾಗಲೇಬೇಕು. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು ಇಳಿಸಿ. ಕಪ್ಪಾಗಿ ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ. ಪೂರ್ತಿ ಆರಿದ ಮೇಲೆ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ, ಜೀರಿಗೆ ಹಾಕಿ ಮಿಕ್ಸರ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಉಂಡೆಗಟ್ಟುತ್ತದೆ. ವಾರಕ್ಕಾಗುವಷ್ಟೇ ಮಾಡಿ, ಬಿಗಿ ಡಬ್ಬಿಯಲ್ಲಿಡಿ. ಸ್ಟೆಂಟ್ ಆದವರ ತಾಟಿಗೆ ಹೋಗುವ ಹಿಂಡಿಯಲ್ಲಿ ಉಪ್ಪು ಅರ್ಧ ಮಾಡಿ, ಈ ಸಲಹೆಯ ಲಾಭ ಒಮೆಗಾ-3 ಲೆಕ್ಕಕ್ಕಿಂತ ದೊಡ್ಡದು.

ನಮ್ಮ ಭಾಗದ ಹಳೆಯ ಕುಸುಬಿ ಎಣ್ಣೆಯಲ್ಲಿ ಸುಮಾರು ಶೇ. 75 ಲಿನೋಲಿಕ್ ಆಮ್ಲ, ಶೇಂಗಾ ಎಣ್ಣೆಯಲ್ಲಿ ಶೇ. 30ರ ಆಸುಪಾಸು. ಲಿನೋಲಿಕ್ ಹೆಚ್ಚು ತಿಂದರೆ ಪೊರೆಯ ಅರಾಕಿಡೋನಿಕ್ ಅಷ್ಟೇನೂ ಏರುವುದಿಲ್ಲ, ದೇಹ ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಆದರೆ ಎಎಲ್‌ಎಯನ್ನು ಇಪಿಎ ಮಾಡುವ ಡೆಲ್ಟಾ-6 ಡೀಸ್ಯಾಚುರೇಸ್ ಕಿಣ್ವಕ್ಕೆ ಇದೂ ಗಿರಾಕಿ. ಕುಸುಬಿ ಎಣ್ಣೆಯ ಒಗ್ಗರಣೆಯ ಮನೆಯಲ್ಲಿ ಅಗಸಿಯಿಂದ ಸಿಗುವ ಇಪಿಎ ಇನ್ನಷ್ಟು ಕಡಿಮೆ ಎಂದೇ ತಿಳಿಯಿರಿ. ವೈದ್ಯರು ಇಪಿಎ, ಡಿಎಚ್ಎ ಬೇಕೇ ಬೇಕು ಅಂದರೆ ಸಸ್ಯಾಹಾರಿಗಳಿಗೆ ಪಾಚಿ ಎಣ್ಣೆ ಇದೆ. ಮೀನಿಗೂ ಅದು ಬರುವುದು ಪಾಚಿಯಿಂದಲೇ. ಹೆಚ್ಚಿನವುಗಳಲ್ಲಿ ಡಿಎಚ್ಎ ಜಾಸ್ತಿ, ಇಪಿಎ ಕಡಿಮೆ, ಲೇಬಲ್ ನೋಡಿ ಕೊಳ್ಳಿ. ಕ್ಯಾಪ್ಸೂಲ್‌ನ ಹೊರಕವಚ ಜೆಲಟಿನ್ ಆಗಿದ್ದರೆ ಅದು ಪ್ರಾಣಿಜನ್ಯ.

ಮೀನು ತಿನ್ನುವವರಿಗೆ ದಾರಿ ಸುಲಭ. ಕಾರವಾರ, ಅಂಕೋಲಾ ಕಡೆಯಿಂದ ಹುಬ್ಬಳ್ಳಿಗೆ ಬರುವ ಬಂಗಡೆ, ತಾರ್ಲಿ ವಾರಕ್ಕೆ ಎರಡು ಸಲ ಸಾರು ಮಾಡಿದರೆ ಸಾಕು. ತಾರ್ಲಿಯಲ್ಲಿ ಮಳೆಗಾಲದ ನಂತರ ಕೊಬ್ಬು ಹೆಚ್ಚು. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಕಾಲ. ಕೆರೆಯ ರೋಹು, ಕಾಟ್ಲಾದಲ್ಲಿ ಇಪಿಎ, ಡಿಎಚ್ಎ ಇವುಗಳಿಗಿಂತ ಬಹಳ ಕಡಿಮೆ.

ಕ್ಯಾಪ್ಸೂಲ್ ಕೊಂಡರೆ ಅದರ ಶತ್ರು ಬಿಸಿ. ಐದು, ಆರು ದ್ವಿಬಂಧದ ಎಣ್ಣೆ ಗಾಳಿ ಮತ್ತು ಶಾಖಕ್ಕೆ ಬೇಗ ಕೆಡುತ್ತದೆ. ಏಪ್ರಿಲ್‌ನಲ್ಲಿ ಗದಗದ ಮನೆಯೊಳಗೆ ಟಿವಿ ಮೇಲೋ ಕಿಟಕಿ ಪಕ್ಕದಲ್ಲೋ ಡಬ್ಬಿ ಇಟ್ಟರೆ ಮುಗಿಯಿತು. ಫ್ರಿಜ್‌ನಲ್ಲಿಡಿ, ಚಿಕ್ಕ ಡಬ್ಬಿ ಕೊಳ್ಳಿ. ತಿಂಗಳಿಗೊಮ್ಮೆ ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿ ನೋಡಿ. ಮೀನಿನ ತಿಳಿ ವಾಸನೆ ಸರಿ, ಹಳೆ ಬಣ್ಣದಂಥ ಘಾಟು ಬಂದರೆ ಎಸೆಯಿರಿ. ತಯಾರಕರು ಪೆರಾಕ್ಸೈಡ್ ಮೌಲ್ಯ ಕೊಟ್ಟಿದ್ದರೆ ಅದು 5ರೊಳಗೆ ಇರಬೇಕು. ಈಥೈಲ್ ಎಸ್ಟರ್ ರೂಪದ್ದಾದರೆ ಬರಿ ಹೊಟ್ಟೆಗೆ ಹೀರಿಕೆ ಕಡಿಮೆ, ಎಣ್ಣೆಯಂಶ ಇರುವ ಊಟದ ಜೊತೆ ನುಂಗಬೇಕು.

ಈಗ ನಿಮ್ಮ ಪ್ರಾಜೆಕ್ಟ್. ‘ಬಿಡುಗಡೆ’ ಅಳೆಯುವುದು ಅಂದುಕೊಂಡಷ್ಟು ಸಲೀಸಲ್ಲ. ಪೊರೆಯ ಒಟ್ಟು ಕೊಬ್ಬಿನಾಮ್ಲ ಅಳೆದು ಬಿಡುಗಡೆ ಅಳೆದೆ ಎಂದು ಬರೆಯುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಇನ್ನೊಂದು ತಪ್ಪು, ಥ್ರಾಂಬಿನ್ ಕೊಟ್ಟು ನಿಮಿಷಗಳ ನಂತರ ಸ್ವತಂತ್ರ ಅರಾಕಿಡೋನಿಕ್ ಹುಡುಕುವುದು. ಅಷ್ಟರಲ್ಲಿ ಕಾಕ್ಸ್ ಮತ್ತು ಲಿಪಾಕ್ಸಿಜನೇಸ್ ಅದನ್ನು ತಿಂದು ಮುಗಿಸಿರುತ್ತವೆ. ಹೊರಬಂದದ್ದು ಹೊರಗೇ ಉಳಿಯಬೇಕಾದರೆ ಎರಡೂ ಕಿಣ್ವಗಳನ್ನು ತಡೆಯುವ ರಾಸಾಯನಿಕ ಮೊದಲೇ ಹಾಕಿ, ಕೊಬ್ಬು ತೆಗೆದ ಆಲ್ಬುಮಿನ್ ಕೂಡ ಸೇರಿಸಬೇಕು.

ರಕ್ತ ಎಳೆಯುವಾಗ 21 ಗೇಜ್ ಸೂಜಿ ಬಳಸಿ, ಮೊದಲ 2-3 ಮಿಲಿ ಬಿಟ್ಟುಬಿಡಿ, ಸಿಟ್ರೇಟ್‌ನಲ್ಲಿ ಹಿಡಿಯಿರಿ. 180 ಜಿ ಬಲದಲ್ಲಿ 15 ನಿಮಿಷ ತಿರುಗಿಸಿದರೆ ಮೇಲಿನ ಮಬ್ಬು ಪದರದಲ್ಲಿ ಪ್ಲೇಟ್‌ಲೆಟ್ ಸಿಗುತ್ತದೆ. ಜಿ ಮತ್ತು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಒಂದೇ ಅಲ್ಲ. ನಿಮ್ಮ ಸೆಂಟ್ರಿಫ್ಯೂಜ್‌ನ ರೋಟರ್ ತ್ರಿಜ್ಯ 15 ಸೆಂ.ಮೀ. ಇದ್ದರೆ 180 ಜಿ ಅಂದರೆ ಸುಮಾರು 1,035 ಆರ್‌ಪಿಎಂ. ಕೆಳಗಿನ ಬಿಳಿಪದರ ಕಲಕಿದರೆ ಬಿಳಿರಕ್ತಕಣ ಸೇರಿಕೊಂಡು ಅವುಗಳ ಅರಾಕಿಡೋನಿಕ್ ಲೆಕ್ಕ ಕೆಡಿಸುತ್ತದೆ. ತೊಳೆಯುವಾಗ ಪಿಎಚ್ 6.5ಕ್ಕೆ ಇಳಿಸಿ, ಇಲ್ಲದಿದ್ದರೆ ತಳದಲ್ಲೇ ಗಂಟಾಗುತ್ತವೆ. ಕೊನೆಗೆ ಪಿಎಚ್ 7.4ರ ದ್ರಾವಣದಲ್ಲಿ ಮಿಲಿಗೆ 30 ಕೋಟಿಯಂತೆ ಎಣಿಸಿ 37 ಡಿಗ್ರಿಯಲ್ಲಿಡಿ. ಐಸ್ ಮೇಲೆ ಎಂದೂ ಇಡಬೇಡಿ, ತಣ್ಣಗಾದರೆ ಪ್ಲೇಟ್‌ಲೆಟ್ ಆಕಾರ ಬದಲಿಸಿ ತಾನಾಗಿಯೇ ಎದ್ದುಬಿಡುತ್ತದೆ.

ಕ್ರಿಯೆ ನಿಲ್ಲಿಸಲು ಕ್ಲೋರೋಫಾರ್ಮ್-ಮೆಥನಾಲ್ 2:1, ಅದರಲ್ಲಿ ಆಕ್ಸಿಡೇಶನ್ ತಡೆಯಲು ಶೇ. 0.01 ಬಿಎಚ್‌ಟಿ. ಅಳತೆಯ ಆಧಾರಕ್ಕೆ 17 ಇಂಗಾಲದ ಹೆಪ್ಟಡೆಕನಾಯಿಕ್ ಆಮ್ಲವನ್ನು ಈ ಹಂತದಲ್ಲೇ ಹಾಕಿ. ಸಾರ ತೆಗೆದ ಮೇಲೆ ಹಾಕಿದರೆ ನಡುವೆ ಕಳೆದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಟಿಎಲ್‌ಸಿ ತಟ್ಟೆಯಲ್ಲಿ ಸ್ವತಂತ್ರ ಕೊಬ್ಬಿನಾಮ್ಲದ ಪಟ್ಟಿಯನ್ನು ಬೇರ್ಪಡಿಸಿ, ಮೀಥೈಲ್ ಎಸ್ಟರ್ ಮಾಡಿ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಕೊಡಿ. ಪಾಮಿಟಿಕ್, ಸ್ಟಿಯರಿಕ್ ಶಿಖರಗಳು ದೊಡ್ಡದಾಗಿ ಬಂದರೆ ಸಂತೋಷಪಡಬೇಡಿ, ಅವು ಪ್ಲಾಸ್ಟಿಕ್ ಕೊಳವೆಯಿಂದಲೂ ಬರುತ್ತವೆ. ಗಾಜಿನದ್ದು ಬಳಸಿ, ಪ್ಲೇಟ್‌ಲೆಟ್ ಇಲ್ಲದ ಖಾಲಿ ಮಾದರಿಯೊಂದನ್ನು ಕೊನೆಯವರೆಗೂ ಜೊತೆಗೆ ಸಾಗಿಸಿ.

ಇಷ್ಟು ಸಲಕರಣೆ ಸಿಗದಿದ್ದರೆ ಥ್ರಾಂಬಾಕ್ಸೇನ್ ಎ2 ಒಡೆದು ಉಳಿಯುವ ಸ್ಥಿರ ರೂಪವಾದ ಥ್ರಾಂಬಾಕ್ಸೇನ್ ಬಿ2 ಅನ್ನು ಸೀರಮ್‌ನಲ್ಲಿ ಅಳೆಯುವುದು ಒಳ್ಳೆಯ ಬದಲಿ. ಹೆಪ್ಪುತಡೆ ಹಾಕದೆ ಗಾಜಿನ ಕೊಳವೆಯಲ್ಲಿ ರಕ್ತ ಹಿಡಿದು ತಕ್ಷಣ 37 ಡಿಗ್ರಿಯ ನೀರಿನಲ್ಲಿ ಸರಿಯಾಗಿ ಒಂದು ಗಂಟೆ ಇಟ್ಟು, ಸೀರಮ್ ತೆಗೆದು ಎಲಿಸಾ ಮಾಡಿ. ಔಷಧಿ ಇಲ್ಲದವರಲ್ಲಿ ಮಿಲಿಗೆ 200ರಿಂದ 400 ನ್ಯಾನೋಗ್ರಾಂ ಸಾಮಾನ್ಯ. ಬೆಂಚಿನ ಮೇಲೆ ಬಿಟ್ಟರೆ ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ, ಅದನ್ನೇ ಮೀನೆಣ್ಣೆಯ ಗುಣ ಎಂದು ಬರೆದವರಿದ್ದಾರೆ. ಪ್ರತಿಯೊಬ್ಬರ ‘ಮುಂಚೆ’ ಮತ್ತು ‘ನಂತರ’ವನ್ನು ಅವರದ್ದರೊಂದಿಗೇ ಹೋಲಿಸಿ, ನಡುವೆ ಕನಿಷ್ಠ ನಾಲ್ಕು ವಾರ ಬಿಡಿ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಬ್ಬರ ತೋಳಿಗೂ ಸೂಜಿ ಚುಚ್ಚಬೇಡಿ. ಹಿಂದಿನ 10 ದಿನದಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ, ತಲೆನೋವಿಗೆಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಆಸ್ಪಿರಿನ್ ಬೆರೆತ ಗುಳಿಗೆಗಳು ಸಹ, ತೆಗೆದುಕೊಂಡವರನ್ನು ಬಿಡಿ. ಈ ಪ್ರಶ್ನೆಯನ್ನು ಫಾರ್ಮ್‌ನಲ್ಲಿ ಬರೆದು ಕೊಟ್ಟರೆ ‘ಇಲ್ಲ’ ಎಂದೇ ಗುರುತು ಹಾಕುತ್ತಾರೆ, ಗುಳಿಗೆಯ ಚೀಟಿಗಳನ್ನು ಮುಂದಿಟ್ಟು ಒಂದೊಂದನ್ನೂ ತೋರಿಸಿ ಕೇಳಿ.